ಹಿತ್ತಿಲ ಬೆಕ್ಕಿಗೆ ಹಾಲಿಡುವ ಮೊದಲು

ಮಳೆ ಹಿಡಿಯುವ ಹೊತ್ತಿಗೆ ಮಲೆನಾಡಿನ ಒಂಟಿಮನೆಗಳಿಗೆ ಒಂದು ಹೊಸ ಬೆಕ್ಕು ಬಂದು ಸೇರಿಕೊಳ್ಳುತ್ತದೆ. ಯಾರೂ ಕರೆದಿರುವುದಿಲ್ಲ. ಬೆಳಿಗ್ಗೆ ನೋಡಿದರೆ ಬಚ್ಚಲ ಒಲೆಯ ಬೂದಿಯಲ್ಲಿ ಗುಂಡಗೆ ಒಂದು ಗುಳಿ. ಕೊಟ್ಟಿಗೆಯ ಹುಲ್ಲಟ್ಟದಲ್ಲಿ ಎರಡು ಕಣ್ಣು. ಹತ್ತಿರ ಹೋದರೆ ಬುಸ್ಸೆಂದು ಹಲ್ಲು ತೋರಿಸಿ ತೋಟದ ಕಡೆ ಓಟ ಕೀಳುತ್ತದೆ. ನಮ್ಮ ಮನೆಗೆ ಬಂದ ಇಂಥದೊಂದಕ್ಕೆ ಅಮ್ಮ ಅಡಿಕೆ ಹಾಳೆಯಲ್ಲಿ ಹಾಲನ್ನ ಇಟ್ಟಳು. ‘ಬಡಪಾಯಿ, ತಿನ್ಕೊಂಡು ಹೋಗ್ಲಿ’ ಅಂದಳು. ಒಂದೂವರೆ ವರ್ಷದಲ್ಲಿ ಹಿತ್ತಿಲಲ್ಲಿ ಒಂಬತ್ತು ಬೆಕ್ಕಾದವು. ಅವುಗಳಲ್ಲಿ ನಾಲ್ಕು ಮರಿ ಒಂದೇ ವಾರದಲ್ಲಿ ವಾಂತಿ ಮಾಡಿಕೊಂಡು ಸತ್ತವು.

ಆ ಮೇಲೆ ನಾವು ಕ್ರಮ ಬದಲಿಸಿದೆವು. ಈಗ ನಮ್ಮಲ್ಲಿ ತಟ್ಟೆ ಇಟ್ಟ ದಿನವೇ ಬೋನಿನ ಯೋಚನೆಯೂ ಶುರುವಾಗುತ್ತದೆ. ಅನ್ನ ಹಾಕಿ, ಮತ್ತೆ ಮರಿಯಾಗದಂತೆ ಸಂತಾನಹರಣದ ಆಪರೇಷನ್ ಮಾಡಿಸದೆ ಬಿಟ್ಟರೆ ಬೆಕ್ಕಿಗೂ ಕಷ್ಟ, ನಮಗೂ ಕಷ್ಟ. ಮಾಡುವ ಬಗೆ ಹೀಗೆ.

ಮೊದಲು, ಅದು ಯಾರು ಎಂದು ತಿಳಿಯಿರಿ

ಬಾಲ ನೆಟ್ಟಗೆ ಮಾಡಿ, ನಿಮ್ಮ ಮುಖ ನೋಡಿ ‘ಮಿಯಾಂವ್’ ಎನ್ನುವ ಬೆಕ್ಕು ಯಾರದೋ ಮನೆಯದು. ದಾರಿ ತಪ್ಪಿರಬಹುದು, ಇಲ್ಲವೇ ಯಾರೋ ಚೀಲದಲ್ಲಿ ತಂದು ಬಿಟ್ಟು ಹೋಗಿರಬಹುದು. ಅದನ್ನು ಒಂದೆರಡು ವಾರದಲ್ಲಿ ಪಳಗಿಸಬಹುದು. ಮನುಷ್ಯರ ಕೈ ಸೋಕದೆ ಬೆಳೆದ ಬೆಕ್ಕು ನಿಮ್ಮ ಎದುರು ಕೂಗುವುದೇ ಅಪರೂಪ. ಮುಸ್ಸಂಜೆಗೆ ಬರುತ್ತದೆ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಗೋಡೆಯ ಅಂಚಿನಲ್ಲೇ ನಡೆಯುತ್ತದೆ. ಮರಿಗಳು ಮನುಷ್ಯರನ್ನು ಒಪ್ಪಿಕೊಳ್ಳುವ ಕಾಲ ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗೆ ಮಾತ್ರ. ಆ ಕಾಲ ದಾಟಿ ದೊಡ್ಡದಾದದ್ದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಆಸೆ ಬಿಡಿ. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಊಟ, ಒಣಗಿದ ಜಾಗ, ನಮ್ಮಿಂದ ಹತ್ತು ಮಾರು ದೂರ.

ಮೂರನೆಯ ಸಾಧ್ಯತೆಯೂ ಉಂಟು. ಗದ್ದೆಯಂಚಿನಲ್ಲಿ, ಕಬ್ಬಿನ ನಡುವೆ ಸಿಕ್ಕ ಮರಿ ನಿಜವಾದ ಕಾಡುಬೆಕ್ಕಿನದ್ದೇ ಆಗಿರಬಹುದು. ದೊಡ್ಡ ಕಾಡುಬೆಕ್ಕಿಗೆ ಉದ್ದ ಕಾಲು, ಗಿಡ್ಡ ಬಾಲ, ಬಾಲದ ತುದಿಯಲ್ಲಿ ಕಪ್ಪು ಬಳೆಗಳು, ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಕೂದಲು. ಚಿರತೆ ಬೆಕ್ಕಿಗೆ ಮೈತುಂಬ ಚುಕ್ಕೆ, ಕಿವಿಯ ಹಿಂಬದಿಯಲ್ಲಿ ಬಿಳಿ ಮಚ್ಚೆ. ಇವೆರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮನೆಗೆ ತರುವಂತಿಲ್ಲ. ತಾಯಿ ರಾತ್ರಿ ಬಂದು ಒಯ್ಯುತ್ತದೆ. ಕೊಯ್ಲು ನಡೆಯುತ್ತಿದ್ದರೆ ಆ ಮೂಲೆಯನ್ನು ಒಂದು ದಿನ ಹಾಗೇ ಬಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ.

ಒಂದು ವಾರ ಬರೀ ನೋಡಿ

ಗೋಡೆ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರೂ ಸಾಕು: ಎಷ್ಟು ಬೆಕ್ಕು, ಯಾವ ಬಣ್ಣ, ಎಷ್ಟು ಹೊತ್ತಿಗೆ ಬರುತ್ತವೆ. ಹತ್ತಿರ ಬಿಟ್ಟುಕೊಳ್ಳದ ಬೆಕ್ಕಿನ ಗಂಡು ಹೆಣ್ಣು ಹೇಳುವುದು ಹೇಗೆ? ಬಿಳಿ, ಕಪ್ಪು, ಕೆಂಪು ಮೂರೂ ಬಣ್ಣ ಒಂದೇ ಮೈಮೇಲೆ ಇದ್ದರೆ ಅದು ಹೆಚ್ಚುಕಡಿಮೆ ಹೆಣ್ಣೇ. ಪೂರ್ತಿ ಕೆಂಪಿನವು ಬಹುಪಾಲು ಗಂಡು. ಕೆನ್ನೆ ಉಬ್ಬಿ, ಕುತ್ತಿಗೆ ದಪ್ಪಗಾಗಿ, ಮುಖದ ತುಂಬ ಗಾಯದ ಗುರುತಿರುವುದು ಮಾಳಬೆಕ್ಕು, ಅಂದರೆ ಬಲಿತ ಗಂಡು. ಅನುಮಾನವೇ ಬೇಡ.

ಈ ಲೆಕ್ಕ ಯಾಕೆಂದರೆ ಬೋನಿಗೆ ಮೊದಲು ಬೀಳಬೇಕಾದದ್ದು ಹೆಣ್ಣು. ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸೂಲು. ಮೊಲೆ ಇಳಿಬಿದ್ದು ಸುತ್ತಲಿನ ಕೂದಲು ಉದುರಿದ್ದರೆ ಎಲ್ಲೋ ಮರಿ ಇವೆ ಎಂದರ್ಥ. ಅದನ್ನು ಈಗ ಹಿಡಿದು ಎರಡು ದಿನ ಕೂಡಿಹಾಕಿದರೆ ಅಟ್ಟದ ಮೇಲಿನ ಮರಿಗಳು ಉಪವಾಸ ಬೀಳುತ್ತವೆ. ಮರಿಗಳು ತಾಯಿಯ ಹಿಂದೆ ತಟ್ಟೆಗೆ ಬಂದು ತಾವೇ ತಿನ್ನುವವರೆಗೆ ಕಾಯಿರಿ.

ಊಟ: ಹಾಲು ಬೇಡ

ಕತೆಗಳ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಲಿ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಬರೀ ಮೊಸರನ್ನ ತಿಂದು ಬದುಕುವ ಪ್ರಾಣಿಯೂ ಅದಲ್ಲ. ಟಾರಿನ್ ಎಂಬ ಅಂಶ ಮಾಂಸದಿಂದಲೇ ಸಿಗಬೇಕು. ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ನಾಯಿಗೆ ತರುವ ಆಹಾರ ಬೆಕ್ಕಿಗೆ ಸಾಲದಿರುವುದಕ್ಕೂ ಇದೇ ಕಾರಣ.

ಮೀನು ಬೇಯಿಸುವ ಮನೆಯವರಿಗೆ ಸುಲಭ: ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕುವ ಮೊದಲೇ ಬೂತಾಯಿಯನ್ನೋ ಕೋಳಿಯ ಚೂರನ್ನೋ ಬೇಯಿಸಿ ಮುಳ್ಳು ಬಿಡಿಸಿ ಅನ್ನಕ್ಕೆ ಕಲಸಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ. ನಮ್ಮಂಥ, ಮೊಟ್ಟೆಯೂ ಒಳಗೆ ಬಾರದ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಪೇಟೆಯಿಂದ ಬೆಕ್ಕಿನ ಒಣ ಆಹಾರ ತಂದು ಕಟ್ಟಿಗೆಮನೆಯಲ್ಲಿ ಡಬ್ಬಿಯಲ್ಲಿಡುವುದೆಂದು ತೀರ್ಮಾನವಾಯಿತು. ಅದರ ನಾತಕ್ಕೆ ಅಮ್ಮ ಈಗಲೂ ಮೂಗು ಮುಚ್ಚಿಕೊಳ್ಳುತ್ತಾಳೆ, ಆದರೆ ಹಾಕುವವಳು ಅವಳೇ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ ಸಾಕು.

ಏನು ಹಾಕುತ್ತೀರಿ ಎನ್ನುವಷ್ಟೇ ಮುಖ್ಯ ಎಷ್ಟು ಹೊತ್ತಿಗೆ ಹಾಕುತ್ತೀರಿ ಎನ್ನುವುದು. ದಿನವೂ ಒಂದೇ ಜಾಗ, ಒಂದೇ ಹೊತ್ತು, ಒಂದೇ ಸದ್ದು. ನಾವು ಸ್ಟೀಲ್ ತಟ್ಟೆಗೆ ಚಮಚ ಬಡಿಯುತ್ತೇವೆ. ಕತ್ತಲಾಗುವ ಮೊದಲು ಹಾಕಿ, ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ. ರಾತ್ರಿಯೆಲ್ಲ ಬಿಟ್ಟರೆ ಬೀದಿನಾಯಿ, ಹಂದಿ, ಅವುಗಳ ಹಿಂದೆ ಚಿರತೆಯೂ ಅಂಗಳ ನೋಡಿಕೊಂಡು ಹೋದೀತು. ಇರುವೆ ಮುತ್ತುವ ಕಾಲದಲ್ಲಿ ಅಗಲದ ತಟ್ಟೆಗೆ ನೀರು ಹಾಕಿ ಅದರ ನಡುವೆ ಊಟದ ಬಟ್ಟಲಿಡಿ. ಕುಡಿಯುವ ನೀರು ಬೇರೆ ಕಡೆ ಇರಲಿ.

ಬೋನು: ಅವಸರ ಬೇಡ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ನಿಜವಾಗಿ ಎದುರಾಗುವುದು ಇಲ್ಲಿ. ಕೈಯಲ್ಲಿ, ಗೋಣಿಚೀಲದಲ್ಲಿ ಹಿಡಿಯಲು ಹೋಗಲೇಬೇಡಿ. ಇಲಿಬೋನಿನದೇ ದೊಡ್ಡ ರೂಪವನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು: ಎರಡೂವರೆಯಿಂದ ಮೂರು ಅಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಜಾಲರಿಯ ಕಣ್ಣು ಅಂಗುಲಕ್ಕಿಂತ ಚಿಕ್ಕದಿರಲಿ, ಇಲ್ಲದಿದ್ದರೆ ಗಾಬರಿಯಲ್ಲಿ ಮುಖ ತೂರಿಸಿ ಮೂಗು ಕಿತ್ತುಕೊಳ್ಳುತ್ತದೆ. ತುಳಿದಾಗ ಬಾಗಿಲು ಬೀಳಿಸುವ ಹಲಗೆ ಬೋನಿನ ಕೊನೆಯಲ್ಲಿರಬೇಕು. ನಡುವೆ ಇದ್ದರೆ ಬಾಗಿಲು ಬಾಲದ ಮೇಲೆ ಬೀಳುತ್ತದೆ.

ಬಾಲಕ್ಕೆ ಒಮ್ಮೆ ಪೆಟ್ಟು ಬಿದ್ದರೆ ಮುಗಿಯಿತು. ತೆನಾಲಿ ರಾಮನ ಬೆಕ್ಕು ನೆನಪಿದೆಯಲ್ಲ, ಒಮ್ಮೆ ಸುಡುವ ಹಾಲಿಗೆ ಬಾಯಿ ಹಾಕಿ ಆಮೇಲೆ ಹಾಲು ಕಂಡರೇ ಓಡುತ್ತಿದ್ದದ್ದು? ಅದು ಬರೀ ಕತೆಯಲ್ಲ.

ಹಾಗಾಗಿ ಮೊದಲ ವಾರ ಬೋನಿನ ಬಾಗಿಲನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡಿ, ಬೀಳಲೇಬಾರದು. ತಳಕ್ಕೆ ಹಳೇ ಪೇಪರ್ ಹಾಸಿ. ತಟ್ಟೆ ಮೊದಲ ದಿನ ಬಾಗಿಲ ಹೊರಗೆ, ಮರುದಿನ ಹೊಸ್ತಿಲಲ್ಲಿ, ಆಮೇಲೆ ದಿನಕ್ಕೊಂದು ಗೇಣು ಒಳಕ್ಕೆ. ಬೆಕ್ಕು ಪೂರ್ತಿ ಒಳಹೋಗಿ, ಬೆನ್ನು ಹಾಕಿ ಕೂತು ತಿನ್ನುವ ದಿನ ಬರುತ್ತದೆ. ನಮ್ಮ ಮೂರುಬಣ್ಣದವಳಿಗೆ ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ವೈದ್ಯರ ಜತೆ ಮಾತಾಡಿ ದಿನ ಗೊತ್ತುಮಾಡಿಕೊಳ್ಳಿ. ದನ ಎಮ್ಮೆ ನೋಡುವ ಎಲ್ಲ ಪಶು ಆಸ್ಪತ್ರೆಗಳಲ್ಲೂ ಬೆಕ್ಕಿನ ಆಪರೇಷನ್ ಆಗುವುದಿಲ್ಲ. ತಾಲ್ಲೂಕಿನಲ್ಲಿ ಆಗದಿದ್ದರೆ ಶಿವಮೊಗ್ಗ, ಹಾಸನ, ಬೆಂಗಳೂರು, ಗದಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ವಿಚಾರಿಸಿ. ‘ಮುಟ್ಟಲು ಬಿಡದ ಬೆಕ್ಕು, ಬೋನಿನಲ್ಲೇ ತರುತ್ತೇನೆ’ ಎಂದು ಮೊದಲೇ ಹೇಳಬೇಕು.

ಹಿಂದಿನ ದಿನ ಊಟ ತಪ್ಪಿಸಿ. ಸಂಜೆ ತಂತಿ ಬಿಚ್ಚಿ, ವಾಸನೆ ಬೀರುವ ಒಂದು ಚೂರು ಮೀನನ್ನು ಹಲಗೆಯ ಆಚೆ ಇಟ್ಟು ದೂರ ಸರಿಯಿರಿ. ಆ ಒಂದು ತುತ್ತೇ ಸಾಕು, ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರಬೇಕು. ಬಾಗಿಲು ಬಿದ್ದ ಕೂಡಲೇ ಬೆಕ್ಕು ಬೋನಿಗೆ ಬೋನನ್ನೇ ಎಗರಿಸುತ್ತದೆ. ಹೆದರಬೇಡಿ. ಹಳೆಯ ಕಂಬಳಿಯನ್ನೋ ದಪ್ಪ ಪಂಚೆಯನ್ನೋ ಪೂರ್ತಿ ಮುಚ್ಚಿ. ಕತ್ತಲಾದ ಅರೆ ನಿಮಿಷಕ್ಕೆ ಸದ್ದು ನಿಲ್ಲುತ್ತದೆ. ಹೀಗಾಗುವುದನ್ನು ನೋಡಿಯೇ ನಂಬಬೇಕು.

ಎಂಥ ಕಾರಣಕ್ಕೂ ಬೋನಿನಿಂದ ಬುಟ್ಟಿಗೆ ಬದಲಾಯಿಸಬೇಡಿ. ಮೊದಲ ಸಲ ನಾನು ಈ ಬುದ್ಧಿವಂತಿಕೆ ತೋರಿಸಿದ್ದೆ. ಆಸ್ಪತ್ರೆಯ ಜಗಲಿಯಲ್ಲಿ ಬೆಕ್ಕು ಕೈಗೊಂದು ಗೆರೆ ಎಳೆದು ಹೆಂಚಿನ ಸಂದಿಗೆ ಸೇರಿಕೊಂಡಿತು. ಊರಿಂದ 14 ಕಿಲೋಮೀಟರ್ ದೂರದ ಆ ಮಾಡಿನ ಕೆಳಗೆ ಎರಡು ರಾತ್ರಿ ಬೋನು ಹೂಡಿ ಕೂತದ್ದು ನಾನೇ.

ಆಪರೇಷನ್, ಆಮೇಲೆ

ಅರಿವಳಿಕೆಯ ಚುಚ್ಚುಮದ್ದನ್ನು ಜಾಲರಿಯ ಸಂದಿಯಿಂದಲೇ ಕೊಡುತ್ತಾರೆ. ವೈದ್ಯರಿಗೆ ನೆನಪಿಸಬೇಕಾದದ್ದು ಮೂರು: ತಾನೇ ಕರಗುವ ಹೊಲಿಗೆ ಹಾಕಲಿ, ಯಾಕೆಂದರೆ ಹೊಲಿಗೆ ಬಿಚ್ಚಲು ಈ ಬೆಕ್ಕು ಮತ್ತೆ ಸಿಗುವುದಿಲ್ಲ, ರೇಬಿಸ್ ಲಸಿಕೆಯನ್ನೂ ಜಂತುಹುಳದ ಔಷಧವನ್ನೂ ಆಗಲೇ ಕೊಡಲಿ, ಎಡಗಿವಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರ್ ನೇರವಾಗಿ ಕತ್ತರಿಸಲಿ. ಮೂರನೆಯದು ಕೇಳಲು ಕ್ರೂರ ಎನಿಸೀತು. ಅರಿವಳಿಕೆಯಲ್ಲಿ ಅದಕ್ಕೆ ಗೊತ್ತೂ ಆಗುವುದಿಲ್ಲ. ಆಮೇಲೆ ದೂರದಿಂದ ಕಿವಿ ನೋಡಿದರೆ ಸಾಕು, ಆಪರೇಷನ್ ಆದ ಬೆಕ್ಕನ್ನು ಯಾರೂ ಮತ್ತೆ ಹಿಡಿದು ಹೊಟ್ಟೆ ಕೊಯ್ಯಿಸುವುದಿಲ್ಲ.

ಮನೆಗೆ ತಂದು, ಕಂಬಳಿ ಮುಚ್ಚಿ, ಇಲಿ ಹೆಗ್ಗಣ ಬಾರದ ಬೆಚ್ಚನೆ ಕೋಣೆಯಲ್ಲಿ ಬೋನಿನೊಳಗೇ ಇಡಿ. ಪೂರ್ತಿ ಎಚ್ಚರವಾಗುವವರೆಗೆ ಊಟ, ನೀರು ಬೇಡ. ಗಂಡನ್ನು ಒಂದು ದಿನದ ಮೇಲೆ, ಹೆಣ್ಣನ್ನು ಎರಡು ದಿನದ ಮೇಲೆ, ಹಿಡಿದ ಜಾಗದಲ್ಲೇ ಬಿಡಬೇಕು. ಬೇರೆ ಊರಿಗೆ ಒಯ್ದು ಬಿಡುವುದು ಪರಿಹಾರವಲ್ಲ. ಖಾಲಿಯಾದ ಹಿತ್ತಿಲಿಗೆ ಬೇರೆ ಬೆಕ್ಕು ಬರುತ್ತದೆ. ಹಸಿವಿಗೆ ಬಿದ್ದು ಸಾಯುವಂತೆ ಪ್ರಾಣಿಯನ್ನು ಎಲ್ಲೋ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಅಂದಹಾಗೆ, ಆಪರೇಷನ್ ಆದ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬುದು ಸುಳ್ಳು. ನಮ್ಮವಳು ವಾರಕ್ಕೆರಡು ತಂದು ಅಮ್ಮನ ತುಳಸಿಕಟ್ಟೆಯ ಮುಂದೆ ಇಡುತ್ತಾಳೆ.

ಮರಿ ಕಂಡರೆ

ಕೈ ಹಾಕಬೇಡಿ. ತಾಯಿ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರಲ್ಲ, ಜಾಗ ಬದಲಿಸುವ ನಡುವೆ ಒಂದೊಂದನ್ನೇ ಒಯ್ಯುವಾಗ ಉಳಿದವು ಅನಾಥವಾದಂತೆ ಕಾಣುತ್ತವೆ. ದೂರದಿಂದ ಕೆಲವು ಗಂಟೆ ನೋಡಿ. ಹೊಟ್ಟೆ ತುಂಬಿ ಸುಮ್ಮನೆ ಮಲಗಿದ್ದರೆ ತಾಯಿ ಇದೆ. ನಿಜಕ್ಕೂ ತಬ್ಬಲಿಯಾದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಾದ ಮರಿಗೆ ಕುಡಿಸಿದ್ದು ಅರಗುವುದಿಲ್ಲ. ಹಸುವಿನ ಹಾಲಲ್ಲ, ಬೆಕ್ಕಿನ ಮರಿಗೆಂದೇ ಸಿಗುವ ಪುಡಿಹಾಲು. ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು, ಅಂಗಾತ ಹಿಡಿದರೆ ಶ್ವಾಸಕ್ಕೆ ಹೋಗುತ್ತದೆ.

ವಾಂತಿ, ಭೇದಿಯಿಂದ ಮರಿಗಳು ಒಂದರ ಹಿಂದೊಂದು ಸತ್ತರೆ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ಜ್ವರದ ಅನುಮಾನ ಪಡಬೇಕು. ಆ ವೈರಸ್ ಜಾಗದಲ್ಲಿ ವರ್ಷದವರೆಗೂ ಉಳಿಯಬಲ್ಲದು, ಕಾಡಿನ ಸಣ್ಣ ಬೆಕ್ಕುಗಳಿಗೂ ಹರಡುತ್ತದೆ. ಹಾಸಿದ ಹುಲ್ಲನ್ನು ಸುಟ್ಟು, ತಟ್ಟೆ, ನೆಲಗಳನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯಿರಿ. ಫಿನಾಯಿಲ್ ಬೇಡ. ಕಾಲಿಗಂಟಿದ್ದನ್ನು ನೆಕ್ಕುವ ಬೆಕ್ಕಿಗೆ ಅದೇ ವಿಷ.

ಮನೆಯೊಳಗಿನ ವಿಷಗಳು

ಜ್ವರದ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ದನಕ್ಕೆ, ನಾಯಿಗೆ ಹಚ್ಚುವ ಉಣ್ಣೆ ಔಷಧವನ್ನು ಬೆಕ್ಕಿಗೆ ಹಚ್ಚಬೇಡಿ. ಅವುಗಳಲ್ಲಿ ಹಲವು ಬೆಕ್ಕಿಗೆ ಮಾರಕ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸಲು ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನು ಮುಚ್ಚಿಡಿ. ಇಲಿಪಾಷಾಣ ಇಟ್ಟ ಮನೆಯಲ್ಲಿ ಬೆಕ್ಕಿಗೆ ಅನ್ನ ಹಾಕುವುದಕ್ಕೆ ಅರ್ಥವೇ ಇಲ್ಲ. ಬ್ರೊಮಾಡಿಯೊಲೋನ್ ಎಂಬ ಇಲಿಪಾಷಾಣ ತಿಂದು ತೂಕಡಿಸುವ ಇಲಿ ಸುಲಭದ ಬೇಟೆ, ಬೆಕ್ಕಿಗೆ ರಕ್ತಸ್ರಾವ ಶುರುವಾಗುವುದು ಕೆಲ ದಿನಗಳ ಮೇಲೆ. ಬೇಗ ಒಯ್ದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಇಲಿ ಅಂಟಿಗೆ ಮರಿ ಸಿಕ್ಕಿಕೊಂಡರೆ ಎಳೆಯಬೇಡಿ, ಕೊಬ್ಬರಿ ಎಣ್ಣೆ ಸವರಿ ಮೆಲ್ಲಗೆ ಬಿಡಿಸಿ.

ಕಚ್ಚಿದರೆ, ಪರಚಿದರೆ

ಸಣ್ಣ ಗೆರೆಯಾದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ. ಲಸಿಕೆಯ ಎಲ್ಲ ಡೋಸ್‌ಗಳನ್ನೂ ಮುಗಿಸಲೇಬೇಕು. ಗರ್ಭಿಣಿಯರು ಬೆಕ್ಕಿನ ಹೇಲು ಬಾಚುವ ಕೆಲಸ ಬೇರೆಯವರಿಗೆ ಬಿಡಲಿ, ಹಿತ್ತಿಲ ಮಣ್ಣಿಗೆ ಕೈ ಹಾಕಿದರೆ ಚೆನ್ನಾಗಿ ತೊಳೆದುಕೊಳ್ಳಲಿ.

ಮಳೆಗಾಲಕ್ಕೆ ಹುಲ್ಲಟ್ಟ ಇದ್ದರೆ ಬೇರೆ ಗೂಡು ಬೇಡ. ಇಲ್ಲದವರು ಮೀನಂಗಡಿಯ ಥರ್ಮೋಕೋಲ್ ಪೆಟ್ಟಿಗೆ ತೊಳೆದು, ಒಂದು ಬದಿಗೆ ಗೇಣಗಲದ ತೂತು ಕೊರೆದು, ಇಟ್ಟಿಗೆಯ ಮೇಲೆ ಏರಿಸಿಡಿ. ಒಳಗೆ ಬಟ್ಟೆ ಹಾಕಿದರೆ ಥಂಡಿ ಹಿಡಿದು ನಾರುತ್ತದೆ, ಒಣಹುಲ್ಲೇ ಸರಿ.

ಇನ್ನುಳಿದದ್ದು ಮುಂದಿನ ವರ್ಷದ ರೇಬಿಸ್ ಲಸಿಕೆ. ಒಮ್ಮೆ ಬೋನಿಗೆ ಬಿದ್ದ ಬೆಕ್ಕು ಅದನ್ನು ಮರೆಯುವುದಿಲ್ಲ. ಬೋನಿನ ಜಾಗ ಬದಲಿಸಿ, ಸೋಗೆ ಮುಚ್ಚಿ ಗುರುತು ಸಿಗದಂತೆ ಮಾಡಿ, ಮತ್ತೆ ವಾರಗಟ್ಟಲೆ ಒಳಗೇ ಊಟ ಹಾಕಬೇಕು. ನಾವು ಇದನ್ನೆಲ್ಲ ಮಾಡಿದೆವು. ಮೂರರಲ್ಲಿ ಒಂದು ಬಿತ್ತು. ಉಳಿದೆರಡು ಬೋನಿನ ಮೇಲೆ ಹತ್ತಿ ಕೂತು, ಒಳಗಿನ ಮೀನಿನ ವಾಸನೆ ಹೀರುತ್ತ ಬಿಸಿಲು ಕಾಯಿಸಿದವು.