ಮೇಷ್ಟ್ರ ನೋಟ್‌ಬುಕ್ಕುಗಳನ್ನು ಇ-ಬರ್ಡ್‌ಗೆ ಏರಿಸಿದ್ದು

ಮೇಷ್ಟ್ರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಹಕ್ಕಿ ನೋಡುವ ನಮ್ಮ ಗುಂಪಿಗೆಲ್ಲ ಅವರು ಮೇಷ್ಟ್ರು, ಅಷ್ಟೆ. ಅವರು ತೀರಿಕೊಂಡ ಮೇಲೆ ಮನೆಯವರು ಅವರ ನೋಟ್‌ಬುಕ್ಕುಗಳನ್ನು ನನಗೆ ಒಪ್ಪಿಸಿದರು. ಜೇಬಿಗೆ ಹಿಡಿಸುವಷ್ಟು ಚಿಕ್ಕವು, ಪೆನ್ಸಿಲಿನ ಸಣ್ಣ ಅಕ್ಷರ, ಮಳೆಯಲ್ಲಿ ನೆನೆದು ಉಬ್ಬಿದ ಪುಟಗಳು. ಕಪಾಟಿನಲ್ಲಿಟ್ಟರೆ ಯಾರಿಗೂ ಉಪಯೋಗವಿಲ್ಲ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಕೇಂದ್ರ ಮತ್ತು ಆಡುಬಾನ್ ಸೊಸೈಟಿ ಸೇರಿ 2002ರಲ್ಲಿ ಶುರುಮಾಡಿದ, ಹಕ್ಕಿ ನೋಡುವವರು ತಾವು ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ದಶಕಗಳ ಹಿಂದಿನ ಪಟ್ಟಿಗಳನ್ನೂ ಸೇರಿಸಬಹುದು; ಅಲ್ಲಿದ್ದರೆ ಸಂಶೋಧನೆ ಮಾಡುವವರ ಕೈಗೂ ಸಿಗುತ್ತವೆ. ಹಾಗಾಗಿ ಏರಿಸುವುದೆಂದು ನಿರ್ಧರಿಸಿದೆ.

ಮೊದಲು ಎಲ್ಲ ಪುಟಗಳ ಫೋಟೊ ತೆಗೆದೆ. ಪೆನ್ಸಿಲು ನೀರಿಗೆ ಹರಡುವುದಿಲ್ಲ, ಆದರೆ ಉಜ್ಜಿ ಉಜ್ಜಿ ಮಾಸುತ್ತದೆ. ಪುಟ ತಿರುವುವುದು ಕಡಿಮೆಯಾದಷ್ಟೂ ಒಳ್ಳೆಯದು. ಆಮೇಲೆ ಮನೆಯವರ ಒಪ್ಪಿಗೆ ಪಡೆದು ಮೇಷ್ಟ್ರ ಹೆಸರಿನಲ್ಲೇ ಬೇರೆ ಖಾತೆ ತೆರೆದೆ. ನನ್ನ ಖಾತೆಯಲ್ಲಿ ನಾನು ಕಂಡ, ಕೇಳಿದ ಹಕ್ಕಿಗಳು ಮಾತ್ರ ಇರಬೇಕು. ಅವರ ಹಕ್ಕಿಗಳು ಅದರೊಳಗೆ ಬೆರೆತರೆ ಇಬ್ಬರ ದಾಖಲೆಯೂ ಕೆಡುತ್ತದೆ.

ಹೆಚ್ಚು ತಲೆ ಕೆಡಿಸಿಕೊಂಡಿದ್ದು ಪುಟಗಳನ್ನು ವಿಂಗಡಿಸುವಾಗ. ಶುರುಮಾಡಿದ ಹೊತ್ತು, ಮುಗಿಸಿದ ಹೊತ್ತು, ನಡೆದ ದೂರ, ಜೊತೆಗಿದ್ದವರು ಎಷ್ಟು ಜನ, ಇಷ್ಟೂ ಇದ್ದು, ಕಾಗೆಯನ್ನೂ ಬಿಡದೆ ಬರೆದಿದ್ದರೆ ಅದು ಪೂರ್ಣ ಪಟ್ಟಿ. ಇಂಥ ಪಟ್ಟಿಗೆ ಬೆಲೆ ಜಾಸ್ತಿ, ಏಕೆಂದರೆ ಅದರಲ್ಲಿ ಇಲ್ಲದ ಹಕ್ಕಿ ಅವತ್ತು ಅಲ್ಲಿ ಗಮನಕ್ಕೆ ಬರಲಿಲ್ಲ ಎಂಬುದೂ ಒಂದು ಮಾಹಿತಿಯೇ. ಹಕ್ಕಿ ನೋಡಲೆಂದೇ ಹೋಗಿದ್ದು, ದಿನಾಂಕವಿದ್ದು ಹೊತ್ತು ಗೊತ್ತಿಲ್ಲದವು 'ಹಿಸ್ಟಾರಿಕಲ್' ವಿಭಾಗಕ್ಕೆ ಹೋದವು. ಬೇರೇನೋ ಕೆಲಸದ ನಡುವೆ ಕಣ್ಣಿಗೆ ಬಿದ್ದವು 'ಇನ್ಸಿಡೆಂಟಲ್'. 'ತುಂಬಾ ಇದ್ದವು' ಎಂದಷ್ಟೇ ಬರೆದಲ್ಲಿ ಸಂಖ್ಯೆ ಊಹಿಸಲು ಹೋಗದೆ, ಹಕ್ಕಿ ಇತ್ತು ಎಂದಷ್ಟೇ ತಿಳಿಸುವ 'ಎಕ್ಸ್' ಹಾಕಿದೆ. ಹಳೆಯ ಹೆಸರುಗಳು ಸುಲಭ: ಅವರ ಕ್ರೋ-ಫೆಸೆಂಟ್ ಈಗಿನ ಗ್ರೇಟರ್ ಕೂಕಲ್, ನಮ್ಮ ಕೆಂಬೂತ.

ಬಲಗಡೆಯ ಅಂಚಿನಲ್ಲಿ ಎಷ್ಟೋ ಹಕ್ಕಿಗಳ ಎದುರಿಗೆ ಒಂದೊಂದು ಅಕ್ಷರವಿತ್ತು. ಗಂಡೋ ಹೆಣ್ಣೋ ಎಂಬ ಗುರುತಿರಬೇಕು ಅಂದುಕೊಂಡೆ. ನಾನು ಗುಂಪಿಗೆ ಸೇರಿದ ಹೊಸತರ ಪುಟಗಳಿಗೆ ಬಂದಾಗ ತಿಳಿಯಿತು, ಅವು ಹೆಸರಿನ ಮೊದಲಕ್ಷರಗಳು. ಆ ಹಕ್ಕಿಯನ್ನು ಮೊದಲು ಕಂಡವರದು. ಒಂದು ಮಿಂಚುಳ್ಳಿಯ ಎದುರಿಗೆ ನನ್ನ ಅಕ್ಷರ. ನಾನೇ ಹುಡುಕಿದೆನೆಂದು ಎಷ್ಟೋ ಕಾಲ ಹೇಳಿಕೊಂಡು ತಿರುಗಿದ ಮಿಂಚುಳ್ಳಿ ಅದು. ಈಗ ಯೋಚಿಸಿದರೆ, ಮೇಷ್ಟ್ರು ಅದೇ ಕೊಂಬೆಯ ಕಡೆ ಮುಖಮಾಡಿ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. "ನೀರಿನ ಮೇಲೆ ಬಾಗಿದ ಕೊಂಬೆ ಇದೆಯಲ್ಲ, ಸ್ವಲ್ಪ ನೋಡ್ತೀರಾ?" ಅಂದಿದ್ದರು, ಅಷ್ಟೆ. ಚಿಕ್ಕ ಹುಡುಗರಿಗೂ ಅವರದು ಬಹುವಚನವೇ.

ಪುಸ್ತಕ, ದುರ್ಬೀನು, ಹಣ ಕೊಡುವವರು ಹಕ್ಕಿ ನೋಡುವವರಲ್ಲಿ ಇದ್ದಾರೆ. ಮೊದಲು ಕಂಡ ಖುಷಿಯನ್ನು ಬಿಟ್ಟುಕೊಡುವವರು ಕಡಿಮೆ. 'ಲೈಫರ್', ಅಂದರೆ ಜೀವನದಲ್ಲೇ ಮೊದಲ ಸಲ ಕಾಣುವ ಹಕ್ಕಿ, ಸಿಕ್ಕಿತೆಂದರೆ ಪಕ್ಕದವರ ಕಾಲು ತುಳಿದುಕೊಂಡು ಮುಂದೆ ನುಗ್ಗುವ ಜನ ನಾವು. ಮೇಷ್ಟ್ರ ಸ್ವಂತ ಅಕ್ಷರ ಕಾಣುವುದು ಅವರೊಬ್ಬರೇ ಹೋದ ದಿನಗಳಲ್ಲಿ ಮಾತ್ರ. ಗುಂಪಿನಲ್ಲಿ ಎಲ್ಲರಿಗಿಂತ ಚುರುಕು ಕಿವಿಯಿದ್ದ ಮನುಷ್ಯ ಜೊತೆಯವರಿದ್ದ ದಿನ ಒಂದೂ ಹಕ್ಕಿಯನ್ನು ಮೊದಲು ಪತ್ತೆಹಚ್ಚಲಿಲ್ಲ ಎಂದರೆ ನಂಬಲಾದೀತೆ?

ದುರ್ಬೀನೂ ಹಾಗೇ. ಅವರ ಬಳಿ ಎರಡಿದ್ದವು, ಒಳ್ಳೆಯದು ಯಾವಾಗಲೂ ಹೊಸಬರ ಕೊರಳಲ್ಲಿ. ಅದು 8×42ರದು, ಎಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಅಗಲದ್ದು. ಹತ್ತು ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ ಕೈನಡುಕವೂ ಅಷ್ಟೇ ಹಿಗ್ಗುತ್ತದೆ, ಹೊಸಬರಿಗೆ ಎಂಟೇ ಸರಿ ಎನ್ನುತ್ತಿದ್ದರು. 42ನ್ನು ಎಂಟರಿಂದ ಭಾಗಿಸಿದರೆ ಸುಮಾರು 5 ಮಿಲಿಮೀಟರ್ ಅಗಲದ ಬೆಳಕು ಕಣ್ಣಿಗೆ ಬರುತ್ತದೆ, ನಸುಕಿನ ಮಬ್ಬಿಗೂ ಸಾಲುತ್ತದೆ. ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ಬಲಗಡೆಯ ಮಸೂರ ಮುಚ್ಚಿಸಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಹೊಂದಿಸುವುದು, ಆಮೇಲೆ ಎಡಗಡೆಯದನ್ನು ಮುಚ್ಚಿಸಿ ಬಲಗಣ್ಣಿನ ಬಳೆ ತಿರುಗಿಸುವುದು. ಇದಾಗದೆ ಹೆಜ್ಜೆ ಕಿತ್ತಿಡಲು ಬಿಡುತ್ತಿರಲಿಲ್ಲ.

ಆ ಅಕ್ಷರಗಳನ್ನೆಲ್ಲ ಹಕ್ಕಿಯ ಎದುರಿನ ಟಿಪ್ಪಣಿ ಜಾಗದಲ್ಲಿ ಹಾಗೇ ಇಳಿಸಿದೆ. ಅದರಿಂದ ಕೆಲಸ ನಿಧಾನವಾಯಿತು. ಸ್ಪ್ರೆಡ್‌ಶೀಟ್ ತುಂಬಿ ಒಟ್ಟಿಗೆ ಏರಿಸುವ ಅನುಕೂಲ ಇದ್ದರೂ ನಾನು ಒಂದೊಂದೇ ಪಟ್ಟಿಯನ್ನು ಕೈಯಾರೆ ತುಂಬಿದೆ.

ಆ ಪ್ರದೇಶಕ್ಕೆ, ಆ ತಿಂಗಳಿಗೆ ಹೊಂದದ ಹಕ್ಕಿಯನ್ನೋ ಸಂಖ್ಯೆಯನ್ನೋ ಹಾಕಿದರೆ ಇ-ಬರ್ಡ್ ತಡೆದು ವಿವರ ಕೇಳುತ್ತದೆ, ಆಮೇಲೆ ಸ್ವಯಂಸೇವಕ ಪರಿಶೀಲಕರು ನೋಡುತ್ತಾರೆ. ಒಂದು ಗ್ರೀನ್ ಸ್ಯಾಂಡ್‌ಪೈಪರ್ ಬಗ್ಗೆ ನನಗೆ ಹೀಗೆ ಪ್ರಶ್ನೆ ಬಂತು. ನೋಟ್‌ಬುಕ್ಕಿನಲ್ಲಿ ಉತ್ತರ ಸಿದ್ಧವಿತ್ತು: 'ವುಡ್ ಎಂದರು ರ. ಹಾರಿದಾಗ ರೆಕ್ಕೆಯ ಅಡಿ ಕಪ್ಪು. ಕಣ್ಣಿನ ಹಿಂದೆ ಹುಬ್ಬುಗೆರೆ ಇಲ್ಲ. ಈಗ ರ. ಕೂಡ ಗ್ರೀನ್ ಎನ್ನುತ್ತಾರೆ.' ವುಡ್ ಸ್ಯಾಂಡ್‌ಪೈಪರ್ ಆಗಿದ್ದರೆ ರೆಕ್ಕೆಯ ಅಡಿ ಮಸುಕು ಬಿಳುಪು, ಹುಬ್ಬುಗೆರೆ ಕಣ್ಣು ದಾಟಿ ಹಿಂದಕ್ಕೆ ಚಾಚಿರುತ್ತದೆ. ಹೊಸಬರ ಅನುಮಾನವನ್ನೂ ಬರೆದಿಟ್ಟದ್ದರಿಂದ ಯಾವುದನ್ನು ಯಾವುದರಿಂದ ಬೇರ್ಪಡಿಸಿದರು ಎಂಬುದು ಉಳಿದಿತ್ತು. ಅದನ್ನೇ ಟೈಪ್ ಮಾಡಿ ಕಳಿಸಿದೆ, ದಾಖಲೆ ಒಪ್ಪಿತವಾಯಿತು.

ಮೇಷ್ಟ್ರು ಕೊಡದ ಒಂದು ವಿಷಯವೂ ಇತ್ತು: ಗೂಡಿನ ಜಾಗ. ಗೂಬೆ ಹಗಲು ಕೂರುವ ಮರವನ್ನೂ ಹೇಳುತ್ತಿರಲಿಲ್ಲ. ಕ್ಯಾಮೆರಾ ಹಿಡಿದವರು ಮುನಿಸಿಕೊಂಡರೂ ಜಗ್ಗಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಗೂಡುಗಳ ನಕ್ಷೆಯೇ ಇದೆ. ಇ-ಬರ್ಡ್ ತನ್ನ ಸೂಕ್ಷ್ಮ ಪ್ರಭೇದಗಳ ಪಟ್ಟಿಯಲ್ಲಿರುವ ಹಕ್ಕಿಗಳ ನಿಖರ ಜಾಗವನ್ನು ಸಾರ್ವಜನಿಕರಿಂದ ಮರೆಮಾಡುತ್ತದೆ, ಉಳಿದವುಗಳದ್ದನ್ನು ಮಾಡುವುದಿಲ್ಲ. ಅದಕ್ಕೆ ನಾನು ಗೂಡು ಕಟ್ಟುತ್ತಿದೆ, ಮರಿಗೆ ಆಹಾರ ಒಯ್ಯುತ್ತಿದೆ ಎಂಬ ಸಂತಾನ ಸಂಕೇತಗಳನ್ನು ಮಾತ್ರ ಹಾಕಿ, ಜಾಗವನ್ನು ಆ ಪ್ರದೇಶದ ಸಾಮಾನ್ಯ ಬಿಂದುವಿನಲ್ಲೇ ಇಟ್ಟೆ. ನಕ್ಷೆಯ ಪುಟಗಳ ಫೋಟೊವನ್ನು ಗುಂಪಿನಲ್ಲೂ ಹಂಚಿಲ್ಲ.

ಜಾಗಗಳ ಹೆಸರನ್ನು ಮೇಷ್ಟ್ರು ಮೊಟಕಾಗಿ ಬರೆಯುತ್ತಿದ್ದರು. ಬಹುಪಾಲು ಜಾಗಗಳನ್ನು ಹಳೆಯ ಗೆಳೆಯರಿಗೆ ಫೋನು ಮಾಡಿ ಬಿಡಿಸಿಕೊಂಡೆ. 'ಕೆ.ಹಿಂ.' ಒಂದು ಉಳಿದಿದೆ. ಕೆರೆಯ ಹಿಂದೆ ಎನ್ನುತ್ತಾರೆ ಒಬ್ಬರು; ಇನ್ನೊಬ್ಬರು, ಅವರ ಜೊತೆ ಹೆಚ್ಚು ತಿರುಗಿದವರೇ, ಅದು ಕೆರೆಯಲ್ಲ, ಕೆಂಪು ಗೇಟಿನ ಹಿಂದೆ ಎಂದು ಪಟ್ಟು ಹಿಡಿದಿದ್ದಾರೆ. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ ನೋಡುವವರೆಗೆ ಆ ಪುಟಗಳನ್ನು ಏರಿಸುವುದಿಲ್ಲ.