ಕ್ರಾಲರ್ ಲಿಂಕ್‌ಗೆ ರಾಡ್ ಎಂಡ್: ಎಲ್ಲಿ ಮುರಿಯುತ್ತದೆ, ಯಾವುದನ್ನು ಹಾಕಬೇಕು

ಆರ್‌ಸಿ ರಾಕ್ ಕ್ರಾಲರ್ ಎಂದರೆ ರಿಮೋಟ್‌ನಲ್ಲಿ ಬಂಡೆ ಹತ್ತಿಸುವ ಪುಟ್ಟ ಗಾಡಿ. ಅದರ ಆಕ್ಸಲ್ಲನ್ನು ಚಾಸಿಗೆ ಹಿಡಿದಿಡುವ ಕಡ್ಡಿಯೇ ಲಿಂಕ್; ಲಿಂಕ್‌ನ ತುದಿಯಲ್ಲಿರುವ, ಬಾಲ್ ಕೂರುವ ಕಣ್ಣುಳ್ಳ ತುಂಡೇ ರಾಡ್ ಎಂಡ್. ಅದು ಒಮ್ಮೆ ಮುರಿದರೆ ಸಾಕು, ಹೆಚ್ಚಿನವರು ನೇರ ಅಲ್ಯೂಮಿನಿಯಂ ರಾಡ್ ಎಂಡ್ ತರಿಸಿಬಿಡುತ್ತಾರೆ. ನಾನು ಹಾಕುವುದಿಲ್ಲ. ಆಕ್ಸಿಯಲ್ ಎಸ್‌ಸಿಎಕ್ಸ್10, ಟ್ರಾಕ್ಸಾಸ್ ಟಿಆರ್‌ಎಕ್ಸ್-4 ಥರದ 1/10 ಅಳತೆಯ ಗಾಡಿಗೆ ಒಳ್ಳೆಯ ಪ್ಲಾಸ್ಟಿಕ್ ಕಣ್ಣು, ಅದರೊಳಗೆ ಸ್ಟೀಲ್ ಬಾಲ್, ಹಿಂದೆ ದಪ್ಪ ಸ್ಟಡ್ (ರಾಡ್ ಎಂಡ್ ಅನ್ನು ಲಿಂಕ್‌ಗೆ ಸೇರಿಸುವ ಥ್ರೆಡ್ ಇರುವ ಕಡ್ಡಿ) ಇದ್ದರೆ ಸಾಕು. ಕಣ್ಣು ಲೋಹದ್ದಾದರೆ ಏಟು ಅಲ್ಲಿ ನಿಲ್ಲದೆ ಆಕ್ಸಲ್‌ನ ಬ್ರ್ಯಾಕೆಟ್ಟಿಗೋ ಚಾಸಿಗೋ ದಾಟುತ್ತದೆ. ರಾಡ್ ಎಂಡ್ ಬದಲಿಸಲು ಎರಡು ಬೋಲ್ಟು ಬಿಚ್ಚಿದರಾಯಿತು. ಆಕ್ಸಲ್ ಹೌಸಿಂಗ್ ಬದಲಿಸಬೇಕಾದರೆ ಡಿಫರೆನ್ಷಿಯಲ್‌ವರೆಗೆ ಎಲ್ಲವೂ ಹೊರಗೆ ಬರಬೇಕು. ಹಾಗಾಗಿ ರಾಡ್ ಎಂಡ್ ಅನ್ನು ಫ್ಯೂಸ್ ಎಂದೇ ಲೆಕ್ಕ ಹಿಡಿಯಿರಿ. ದುಡ್ಡು ಹಾಕಬೇಕಾದದ್ದು ಸ್ಟಡ್ ಮತ್ತು ಬಾಲ್ ಮೇಲೆ.

ಹೊಸದನ್ನು ತರಿಸುವ ಮೊದಲು ಮುರಿದ ತುಂಡನ್ನು ನೋಡಿ. ಎಲ್ಲಿ ಮುರಿದಿದೆ ಎಂಬುದರಲ್ಲೇ ಕಾರಣ ಇರುತ್ತದೆ.

ಕಣ್ಣಿನ ಹಿಂದಿನ ಕುತ್ತಿಗೆಯಲ್ಲಿ, ನೇರ ಅಡ್ಡಕ್ಕೆ ಮುರಿದಿದ್ದರೆ ಒಳಗಿನ ಸ್ಟಡ್ ಗಿಡ್ಡವಾಗಿದೆ ಎಂದರ್ಥ. ಸ್ಟಡ್‌ನ ತುದಿ ಎಲ್ಲಿ ಮುಗಿಯುತ್ತದೋ ಅಲ್ಲಿ ಟೊಳ್ಳು ಪ್ಲಾಸ್ಟಿಕ್ ಒಂದೇ ಭಾರ ಹೊರುತ್ತದೆ, ಸೀಳು ಅಲ್ಲಿಂದಲೇ ಶುರು. ಎಂ3 (3 ಮಿ.ಮೀ. ದಪ್ಪದ) ಸ್ಟಡ್ ಪ್ಲಾಸ್ಟಿಕ್‌ನೊಳಗೆ ಕನಿಷ್ಠ 8 ಮಿ.ಮೀ., ಎಂ4 (4 ಮಿ.ಮೀ.) ಆದರೆ 10 ಮಿ.ಮೀ. ಹೋಗಿರಬೇಕು. ಅದಕ್ಕಿಂತ ಆಳ ಸಿಕ್ಕರೆ ಬಿಡಬೇಡಿ, ಪೂರ್ತಿ ಬಳಸಿ. ಅಳೆಯುವುದು ಸುಲಭ: ಬಾಲ್ ಕೂರಿಸಿದ ಮೇಲೆ ಹಿಂದಿನ ತೂತಿನಿಂದ ಟೂತ್‌ಪಿಕ್ ತೂರಿಸಿ, ಅದು ಬಾಲ್‌ಗೆ ತಾಗಿದಾಗ ಅಂಚಿನಲ್ಲಿ ಉಗುರಿನಿಂದ ಗುರುತು ಮಾಡಿ, ಹೊರತೆಗೆದು ವರ್ನಿಯರ್‌ನಲ್ಲಿ ಅಳೆಯಿರಿ. ಅದರಲ್ಲಿ 1 ಮಿ.ಮೀ. ಕಳೆದರೆ ಸ್ಟಡ್ ಒಳಹೋಗಬೇಕಾದ ಉದ್ದ ಸಿಗುತ್ತದೆ. ಆ 1 ಮಿ.ಮೀ. ಬಿಡದೆ ತಿರುಗಿಸಿದರೆ ಸ್ಟಡ್ ಬಾಲ್‌ಗೆ ಒತ್ತಿ ನಿಲ್ಲುತ್ತದೆ. ಆಗ ಬಾಲ್ ಬಿಗಿಯುತ್ತದೆ, ಇನ್ನೂ ತಿರುಗಿಸಿದರೆ ಕಣ್ಣೇ ಒಡೆಯುತ್ತದೆ.

ಸ್ಟಡ್ಡೇ ಬಾಗಿದ್ದರೆ ಅಥವಾ ಲಿಂಕ್‌ನ ಬಾಯಿಯಲ್ಲಿ ತುಂಡಾಗಿದ್ದರೆ ಎರಡು ವಿಷಯ ನೋಡಬೇಕು: ದಪ್ಪ ಮತ್ತು ಸಂದು. 3 ಕೆ.ಜಿ. ಗಾಡಿಯ ಪೂರ್ತಿ ಭಾರ ಒಂದು ಕೆಳಲಿಂಕ್‌ನ ನಡುವೆ ಕಲ್ಲಿನ ಮೇಲೆ ಕೂತಿತು ಎಂದುಕೊಳ್ಳಿ. ಬಾಲ್‌ನ ನಡುವಿನಿಂದ 15 ಮಿ.ಮೀ. ದೂರದಲ್ಲಿ ಎಂ3 ಸ್ಟಡ್‌ನ ಮೇಲೆ ಬಾಗುವ ಒತ್ತಡ ಸುಮಾರು 170 ಮೆಗಾಪಾಸ್ಕಲ್ ಬರುತ್ತದೆ, ಎಂ4 ಆದರೆ ಸುಮಾರು 75. ಗಾಡಿ ನಿಂತಿರುವಾಗ ಎರಡೂ ತಡೆಯುತ್ತವೆ. ಮೇಲಿಂದ ಬಿದ್ದು ಏಟು ಐದು ಪಟ್ಟಾದರೆ ಎಂ3 ಕಥೆ ಮುಗಿಯಿತು, ಯಾಕೆಂದರೆ ಮಾಮೂಲಿ ಎ2-70 ಸ್ಟೇನ್‌ಲೆಸ್ ಸುಮಾರು 450ಕ್ಕೆ ಶಾಶ್ವತವಾಗಿ ಬಾಗುತ್ತದೆ. ಎಂ4 ಅಷ್ಟರೊಳಗೇ ಉಳಿಯುತ್ತದೆ. 1 ಮಿ.ಮೀ. ದಪ್ಪ ಹೆಚ್ಚಿದ್ದಕ್ಕೆ ಎರಡು ಪಟ್ಟಿಗೂ ಮೀರಿದ ಬಲ ಸಿಕ್ಕಿತು.

ಸಂದು ಇದಕ್ಕಿಂತ ಮುಖ್ಯ ಎನ್ನುತ್ತೇನೆ. ಲಿಂಕ್‌ನ ಬಾಯಿಗೂ ರಾಡ್ ಎಂಡ್‌ನ ಬುಡಕ್ಕೂ ನಡುವೆ ಬರಿಯ ಥ್ರೆಡ್ ಕಾಣಬಾರದು. ಬುಡ ಲಿಂಕ್‌ಗೆ ಒತ್ತಿ ಕೂತಿದ್ದರೆ ಬಾಗುವ ಬಲವನ್ನು ಲಿಂಕ್‌ನ ಅಗಲ ಅಂಚು ಹಂಚಿಕೊಳ್ಳುತ್ತದೆ, 2-3 ಮಿ.ಮೀ. ಥ್ರೆಡ್ ಹೊರಗೆ ಕಂಡರೆ ಎಲ್ಲವೂ ಆ ತೆಳು ಕಡ್ಡಿಯ ಮೇಲೇ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಸ್ವಲ್ಪ ಹೆಚ್ಚಿಸಲೆಂದು ರಾಡ್ ಎಂಡ್ ಬಿಚ್ಚಿ ಹೊರಗೆ ಎಳೆಯುವ ಅಭ್ಯಾಸ ಹಲವರಿಗಿದೆ. ಉದ್ದ ಬೇಕಾದರೆ ಉದ್ದದ ಲಿಂಕ್ ಹಾಕಿ, ಇಲ್ಲವೇ ಸಂದಿಗೆ ಸರಿಯಾದ ದಪ್ಪದ ಅಲ್ಯೂಮಿನಿಯಂ ಸ್ಪೇಸರ್ ಕೂರಿಸಿ.

ಸ್ಟಡ್ ಯಾವುದು? ಕಪ್ಪು ಬಣ್ಣದ, ತಲೆಯಿಲ್ಲದ ಗ್ರಬ್ ಸ್ಕ್ರೂ ಬಹಳ ಗಡಸು. ಅದನ್ನು ಮಾಡಿರುವುದು ಒತ್ತಿ ಹಿಡಿಯಲು, ಎಳೆತ ಬಾಗುಗಳಿಗಲ್ಲ. ಅದು ಬಾಗದೆ ಟಕ್ಕೆಂದು ತುಂಡಾಗುತ್ತದೆ, ಅರ್ಧ ಲಿಂಕ್‌ನೊಳಗೇ ಉಳಿಯುತ್ತದೆ. ಸ್ಟೇನ್‌ಲೆಸ್ ಥ್ರೆಡೆಡ್ ರಾಡ್ ಮೊದಲು ಬಾಗುತ್ತದೆ. ಬಾಗಿದ ಲಿಂಕ್‌ನಲ್ಲಿ ಮನೆಗೆ ಬರಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ4 ರಾಡ್ ಉದ್ದಕ್ಕೆ ಸಿಗುತ್ತದೆ. ಕತ್ತರಿಸುವ ಮೊದಲು ಅದಕ್ಕೊಂದು ನಟ್ ಹಾಕಿಟ್ಟು, ಕತ್ತರಿಸಿ ಅರ ಹಾಕಿದ ಮೇಲೆ ನಟ್ಟನ್ನು ತುದಿಯ ಮೂಲಕ ಹೊರತೆಗೆಯಿರಿ. ಕೆಟ್ಟ ಥ್ರೆಡ್ ತಾನೇ ಸರಿಯಾಗುತ್ತದೆ.

ಮೂರನೆಯದು ಬಾಲ್ ಕಳಚಿ ಹೊರಬರುವುದು ಅಥವಾ ಕಣ್ಣಿನ ಅಂಚು ಸೀಳುವುದು. ಬೈಯಿಸಿಕೊಳ್ಳುವುದು ಪ್ಲಾಸ್ಟಿಕ್, ತಪ್ಪು ಮಾತ್ರ ಕೋನದ್ದು. ಎರಡೂ ಶಾಕ್ ಅಬ್ಸಾರ್ಬರ್ ಬಿಚ್ಚಿ, ಆಕ್ಸಲ್‌ನ ಒಂದು ಬದಿಯನ್ನು ಕೈಯಿಂದ ಪೂರ್ತಿ ಮೇಲೆತ್ತಿ, ಇನ್ನೊಂದನ್ನು ಪೂರ್ತಿ ಇಳಿಸಿ. ಪ್ರತಿ ಕಣ್ಣಿನ ಬಳಿ ಟಾರ್ಚ್ ಹಿಡಿದು ನೋಡಿ. ಕಣ್ಣಿನ ಬದಿ ಬ್ರ್ಯಾಕೆಟ್‌ಗೆ ತಾಗಿದರೆ ಅಲ್ಲಿಂದಾಚೆಗೆ ಆಕ್ಸಲ್ ಸನ್ನೆಕೋಲಿನಂತೆ ಬಾಲ್ ಅನ್ನು ಮೀಟುತ್ತದೆ. ಬಾಲ್‌ನ ಎರಡು ಬದಿಗೆ ಅರ್ಧ ಮಿ.ಮೀ. ವಾಷರ್ ಹಾಕಿದರೆ ಎಷ್ಟೋ ಸಲ ಇಷ್ಟರಲ್ಲೇ ಬಗೆಹರಿಯುತ್ತದೆ. ಲಿಂಕ್‌ನ ಎರಡು ತುದಿಯ ಕಣ್ಣುಗಳೂ ಒಂದೇ ಮಟ್ಟದಲ್ಲಿ ಇರಬೇಕು: ಲಿಂಕ್ ಅನ್ನು ಗಾಜಿನ ಮೇಲಿಟ್ಟರೆ ಎರಡೂ ಚಪ್ಪಟೆಯಾಗಿ ಕೂರಬೇಕು. ಒಂದು ಓರೆಯಾಗಿದ್ದರೆ ಒಂದು ಬದಿಗೆ ಹೊರಳಲು ಜಾಗವೇ ಇರುವುದಿಲ್ಲ. ಇದರಿಂದ ಇನ್ನೊಂದು ಕಟ್ಟುಪಾಡು ಹುಟ್ಟುತ್ತದೆ: ಉದ್ದವನ್ನು ಅರ್ಧ ಸುತ್ತಿನ ಲೆಕ್ಕದಲ್ಲೇ ಬದಲಿಸಬೇಕು, ಅಂದರೆ ಎಂ4ಗೆ 0.35 ಮಿ.ಮೀ., ಎಂ3ಗೆ 0.25 ಮಿ.ಮೀ.

ಇನ್ನು ಪ್ಲಾಸ್ಟಿಕ್. ಗ್ಲಾಸ್ ಫೈಬರ್ ಬೆರೆಸಿದ ನೈಲಾನ್ ಬಿಗಿಯಾಗಿರುತ್ತದೆ, ಏಟಿಗೆ ಸೀಳುತ್ತದೆ, ಬಾಲ್ ಅನ್ನೂ ಸವೆಸುತ್ತದೆ. ಬೆರಕೆಯಿಲ್ಲದ ನೈಲಾನ್ ಬಾಗುತ್ತದೆ, ಸಾಮಾನ್ಯವಾಗಿ ಮುರಿಯುವುದಿಲ್ಲ. ಡೆಲ್ರಿನ್ ಎಂದು ಕರೆಯುವ ಅಸಿಟಲ್ ನುಣುಪು, ಸವೆತ ಕಡಿಮೆ. ಕೆಳಲಿಂಕ್‌ಗೆ ನನ್ನ ಆಯ್ಕೆ ನೈಲಾನ್, ಸ್ಟೀರಿಂಗ್‌ಗೆ ಅಸಿಟಲ್. ನೈಲಾನ್ ಆದರೆ ಹಾಕುವ ಮೊದಲು ಅರ್ಧ ಗಂಟೆ ಕುದಿಯುವ ನೀರಿನಲ್ಲಿಡಿ. ಒಣಗಿದ ನೈಲಾನ್ ಪೆಡಸು. ನೀರು ಹೀರಿದ ಮೇಲೆ ಗಟ್ಟಿತನ ತುಸು ಇಳಿದು ತಾಳಿಕೆ ಹೆಚ್ಚುತ್ತದೆ. ಅಸಿಟಲ್ ನೀರು ಹೀರುವುದು ತೀರಾ ಕಡಿಮೆ, ಅದನ್ನು ಕುದಿಸಿದರೆ ಗ್ಯಾಸ್ ದಂಡ.

ಎಂ4ನಲ್ಲಿ ಪ್ರಸಿದ್ಧವಾದದ್ದು ಟ್ರಾಕ್ಸಾಸ್‌ನ ರೆವೊ ಗಾಡಿಯ ದೊಡ್ಡ ರಾಡ್ ಎಂಡ್, ಭಾಗ ಸಂಖ್ಯೆ 5347. ಪೊಟ್ಟಣದಲ್ಲಿ ಟೊಳ್ಳು ಬಾಲ್ ಸಮೇತ 12 ಬರುತ್ತವೆ. ಕ್ರಾಲರ್ ಕಟ್ಟುವವರು ಅದನ್ನೇ ಕೆಳಲಿಂಕ್‌ಗೆ ಹಾಕುತ್ತಾರೆ. ಮೇಲಿನ ಲಿಂಕ್‌ಗಳು ಕಲ್ಲಿಗೆ ತಾಗುವುದೇ ಅಪರೂಪ, ಅಲ್ಲಿ ಎಂ3 ಸಾಕು. ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ಕಡ್ಡಿಗೂ ಅಷ್ಟೆ.

ಬಾಲ್ ಕೂರಿಸಲು ರಾಡ್ ಎಂಡ್ ಅನ್ನು ಬಿಸಿನೀರಿನಿಂದ ತೆಗೆದ ಕೂಡಲೇ ವೈಸ್‌ನಲ್ಲಿ ನೇರ ಒತ್ತಿ. ಓರೆಯಾಗಿ ಹೋದರೆ ಅಂಚು ಕೆತ್ತಿಬರುತ್ತದೆ. ಸ್ಟಡ್ ತಿರುಗಿಸಲು ಡ್ರಿಲ್ ಬಳಸುವುದಾದರೆ ತೀರಾ ನಿಧಾನಕ್ಕೆ, ಎರಡು ನಟ್ ಒಂದಕ್ಕೊಂದು ಬಿಗಿದು ಹಿಡಿದುಕೊಂಡು. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ಥ್ರೆಡ್ ನಿಲ್ಲುವುದಿಲ್ಲ. ಥ್ರೆಡ್‌ಲಾಕ್ ಅಂಟು ಲಿಂಕ್‌ನ ಲೋಹದ ಬದಿಗೆ ಮಾತ್ರ, ಒಂದು ಹನಿ. ಪ್ಲಾಸ್ಟಿಕ್ ಬದಿಯಲ್ಲಿ ಬಿಗಿತವೇ ಹಿಡಿಯುತ್ತದೆ.

ಬಾಲ್‌ನೊಳಗಿನ ಬೋಲ್ಟ್ ಬಿಗಿಯಾಗಿಯೇ ಇರಬೇಕು. ಸಡಿಲ ಬಿಟ್ಟರೆ ಸಲೀಸಾಗಿ ಆಡುತ್ತದೆ ಎಂದು ಕೆಲವರು ಬಿಡುತ್ತಾರೆ. ಆಗ ಬಾಲ್ ಕಣ್ಣಿನೊಳಗೆ ತಿರುಗುವ ಬದಲು ಬೋಲ್ಟ್‌ನ ಮೇಲೆ ತಿರುಗಿ ಬ್ರ್ಯಾಕೆಟ್‌ನ ತೂತು ಮೊಟ್ಟೆಯಾಕಾರವಾಗುತ್ತದೆ. ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್) ಹಾಕಿ ಬಿಗಿದು, ಬೋಲ್ಟ್ ತಲೆಗೂ ಬ್ರ್ಯಾಕೆಟ್ಟಿಗೂ ಅಡ್ಡಲಾಗಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಗೆರೆ ತಪ್ಪಿದರೆ ಬೋಲ್ಟ್ ತಿರುಗುತ್ತಿದೆ.

ಎಣ್ಣೆ, ಗ್ರೀಸ್ ಬೇಡ. ರಾಮನಗರದಂಥ ಗ್ರಾನೈಟ್ ಬಂಡೆಗಳ ಪುಡಿಯಲ್ಲಿ ಬೆಣಚುಕಲ್ಲಿನ ಕಣ ಇರುತ್ತದೆ, ಅದು ಮಾಮೂಲಿ ಸ್ಟೀಲ್‌ಗಿಂತ ಗಡಸು. ಗ್ರೀಸ್‌ಗೆ ಅಂಟಿಕೊಂಡರೆ ಅದೇ ಉಜ್ಜುಕಾಗದ. ನೀರಿನಲ್ಲಿ ಓಡಿಸಿದ ದಿನ ಬ್ರಷ್‌ನಿಂದ ತೊಳೆದು ಒಣಗಿಸಿ; ತುಕ್ಕು ಹಿಡಿದ ಬಾಲ್ ಕಣ್ಣನ್ನು ಒಳಗಿನಿಂದ ಕೊರೆಯುತ್ತದೆ. ಚಕ್ರ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಕಣ್ಣಿನಲ್ಲಿ ಬಾಲ್ ಆಡುವುದು ಬರಿಗಣ್ಣಿಗೆ ಕಂಡರೆ ಬದಲಿಸುವ ಹೊತ್ತು.

ಬ್ಯಾಗ್‌ನಲ್ಲಿ ಬಾಲ್ ಕೂರಿಸಿ ಸ್ಟಡ್ ಅರ್ಧ ತಿರುಗಿಸಿಟ್ಟ ನಾಲ್ಕು ರಾಡ್ ಎಂಡ್, ಎರಡು ಎಂ3 ಬೋಲ್ಟ್, ಎರಡು ನೈಲಾಕ್, ಆಲನ್ ಕೀ ಇಟ್ಟುಕೊಳ್ಳಿ. ಬಾಲ್ ಇಲ್ಲದ ಬಿಡಿ ಕಣ್ಣನ್ನು ಒಯ್ದು ಪ್ರಯೋಜನವಿಲ್ಲ, ಬಂಡೆಯ ಮೇಲೆ ವೈಸ್ ಎಲ್ಲಿ ಸಿಗಬೇಕು?