ಜರ್ಮನ್ ವಾಚು ಸಂಗ್ರಹಿಸಬೇಕೇ? ಮೊದಲು ಮಗುಚಿ ನೋಡಿ

ಜರ್ಮನಿಯ ಕೀ ಕೊಡುವ ವಾಚುಗಳನ್ನು ಮೊದಲ ಸಲ ನೋಡಿದವರು ‘ಇಷ್ಟೇನಾ?’ ಅನ್ನುವುದುಂಟು. ಬಿಳಿ ಡಯಲ್, ತೆಳ್ಳನೆಯ ಮುಳ್ಳು, ಅಷ್ಟೇ. ಥಳುಕು ಕಡಿಮೆ. ಅಲ್ಲಿನವರ ಕೈಚಳಕವೆಲ್ಲ ಹಿಂಬದಿಯಲ್ಲಿದೆ. ಹಾಗಾಗಿ ದುಡ್ಡು ಎಣಿಸುವ ಮೊದಲು ವಾಚನ್ನು ಮಗುಚಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕೆಲಸ ಶುರುವಾಗುವುದು ಮಾತ್ರ ಅದಕ್ಕೂ ಒಂದು ಹೆಜ್ಜೆ ಹಿಂದಿನಿಂದ.

1. ಊರು ತಿಳಿದುಕೊಳ್ಳಿ

ಡ್ರೆಸ್ಡೆನ್‌ನ ದಕ್ಷಿಣಕ್ಕೆ, ಬೆಟ್ಟಗಳ ನಡುವೆ ಗ್ಲಾಸ್‌ಹ್ಯೂಟೆ ಎಂಬ ಪುಟ್ಟ ಊರಿದೆ. ಬೆಳ್ಳಿ ಗಣಿಗಾರಿಕೆ ಕೈಕೊಟ್ಟು ಬಡತನ ಬಂದಾಗ, 1845ರಲ್ಲಿ ಫರ್ಡಿನಾಂಡ್ ಅಡಾಲ್ಫ್ ಲಾಂಗೆ ಸರ್ಕಾರದ ಸಾಲ ಪಡೆದು ಇಲ್ಲಿನ ಹುಡುಗರಿಗೆ ಗಡಿಯಾರದ ಕೆಲಸ ಕಲಿಸತೊಡಗಿದರು. ನೂರು ವರ್ಷದ ನಂತರ, ಯುದ್ಧ ಮುಗಿಯುವ ದಿನವೇ ಊರಿನ ಮೇಲೆ ಬಾಂಬ್ ಬಿತ್ತು. 1951ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಇಲ್ಲಿನ ಕಂಪನಿಗಳನ್ನೆಲ್ಲ ಒಂದಾಗಿಸಿ ‘ಜಿಯುಬಿ’ ಎಂಬ ಸರ್ಕಾರಿ ಕಾರ್ಖಾನೆ ಮಾಡಿತು. ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರ ಡಿಸೆಂಬರ್ 7ರಂದು, ಫರ್ಡಿನಾಂಡ್ ಲಾಂಗೆಯವರ ಮರಿಮೊಮ್ಮಗ ವಾಲ್ಟರ್ ಲಾಂಗೆ ಮನೆತನದ ಕಂಪನಿ ‘ಎ. ಲಾಂಗೆ ಉಂಡ್ ಸ್ಯೋನೆ’ಯನ್ನು ಮತ್ತೆ ಶುರು ಮಾಡಿದರು. ಜಿಯುಬಿ ಖಾಸಗಿಯಾಗಿ ಕೊನೆಗೆ ‘ಗ್ಲಾಸ್‌ಹ್ಯೂಟೆ ಒರಿಜಿನಲ್’ ಆಯಿತು. ‘ನೋಮೋಸ್’ ಹುಟ್ಟಿದ್ದೂ 1990ರಲ್ಲೇ. ಈಗ ಅದು ಊರಿನ ಹಳೆಯ ರೈಲ್ವೆ ಸ್ಟೇಷನ್ ಕಟ್ಟಡದಲ್ಲಿದೆ.

ಡಯಲ್ ಮೇಲೆ ಈ ಊರಿನ ಹೆಸರು ಹಾಕಬೇಕಾದರೆ, ಒಳಗಿನ ಯಂತ್ರದ ಮೌಲ್ಯದಲ್ಲಿ ಕನಿಷ್ಠ ಅರ್ಧ ಅಲ್ಲೇ ತಯಾರಾಗಿರಬೇಕು. ಮೊದಲಿನಿಂದ ನಡೆದು ಬಂದ ಈ ಕಟ್ಟುಪಾಡಿಗೆ 2022ರಲ್ಲಿ ಕಾನೂನಿನ ಬಲವೂ ಸಿಕ್ಕಿತು.

ನೈರುತ್ಯ ಜರ್ಮನಿಯ ಕಥೆಯೇ ಬೇರೆ. ಶ್ರಾಂಬೆರ್ಗ್‌ನಲ್ಲಿ 1861ರಿಂದ ‘ಯುಂಗ್‌ಹಾನ್ಸ್’ ಇದೆ. ಪ್ಫೋರ್ಟ್ಸ್‌ಹೈಮ್ ಕಡೆಯವು ‘ಲಾಕೊ’ ಮತ್ತು ‘ಸ್ಟೋವಾ’. ಫ್ರಾಂಕ್‌ಫರ್ಟ್‌ನ ‘ಜಿನ್’ ಕಂಪನಿಯನ್ನು ಕಟ್ಟಿದವರು ಹೆಲ್ಮುಟ್ ಜಿನ್ ಎಂಬ ಪೈಲಟ್, 1961ರಲ್ಲಿ.

2. ಒಂದು ದಾರಿ ಹಿಡಿಯಿರಿ

ಕಂಡದ್ದೆಲ್ಲ ಕೊಂಡರೆ ಅದು ಸಂಗ್ರಹ ಆಗುವುದಿಲ್ಲ, ಡ್ರಾಯರ್ ತುಂಬುತ್ತದೆ ಅಷ್ಟೇ. ಸರಳ ವಿನ್ಯಾಸ ಇಷ್ಟವಾದರೆ ಯುಂಗ್‌ಹಾನ್ಸ್‌ಗಾಗಿ ಮ್ಯಾಕ್ಸ್ ಬಿಲ್ 1961ರಲ್ಲಿ ರೂಪಿಸಿದ ವಾಚಿನಿಂದ ಹಿಡಿದು ನೋಮೋಸ್‌ನ ‘ಟಾಂಗೆಂಟೆ’ವರೆಗೆ ಒಂದು ಸಾಲಿದೆ. ಗಟ್ಟಿಮುಟ್ಟು ಬೇಕಿದ್ದರೆ ಪೈಲಟ್ ವಾಚುಗಳು. ಎರಡನೇ ಮಹಾಯುದ್ಧದ ಅಸಲಿ ಪೈಲಟ್ ವಾಚುಗಳು 55 ಮಿಲಿಮೀಟರ್ ಅಗಲದವು. ಕೋಟಿನ ತೋಳಿನ ಮೇಲೆ ಕಟ್ಟಿಕೊಳ್ಳುತ್ತಿದ್ದರು. ಲಾಕೊ, ಸ್ಟೋವಾ ಈಗ ಅದೇ ಡಯಲ್ಲನ್ನು ನಮ್ಮ ಕೈಗೆ ಹೊಂದುವ ಅಳತೆಯಲ್ಲಿ ಕೊಡುತ್ತವೆ. ಲಾಂಗೆ ಬೇಕೆನ್ನುವವರು ಒಂದು ಒಳ್ಳೆಯ ಕಾರಿನ ದುಡ್ಡು ತೆಗೆದಿಡಬೇಕು.

ನನ್ನನ್ನು ಕೇಳಿದರೆ, ಮೊದಲನೆಯದು ಕೀ ಕೊಡುವ ನೋಮೋಸ್ ಆಗಿರಲಿ. ಜೇಬು ಒಪ್ಪದಿದ್ದರೆ ಜಿಯುಬಿಯ ‘ಸ್ಪೆಟ್ಸಿಮಾಟಿಕ್’. 1960–70ರ ದಶಕದ ಈ ಆಟೊಮ್ಯಾಟಿಕ್ ವಾಚು ಜಾಸ್ತಿ ತಯಾರಾಗಿದ್ದರಿಂದ ಇಂದಿಗೂ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಹೆಸರಿನ ಮೋಹಕ್ಕೆ ಹೆಚ್ಚು ದುಡ್ಡು ಸುರಿಯುವುದಕ್ಕಿಂತ ಇದು ಎಷ್ಟೋ ವಾಸಿ.

3. ಈಗ ಮಗುಚಿ ನೋಡಿ

ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ ಬೇಕು. ಆಭರಣದ ಅಂಗಡಿಯವರ ಬಳಿ ಇರುತ್ತದಲ್ವಾ, ಅದೇ. ಹಿಂಬದಿಯಲ್ಲಿ ಗಾಜಿಲ್ಲದಿದ್ದರೆ ಮುಚ್ಚಳ ಬಿಚ್ಚಿ ತೋರಿಸಲು ಹೇಳಿ.

ಗ್ಲಾಸ್‌ಹ್ಯೂಟೆ ವಾಚಿನ ಹಿಂಬದಿಯ ಮುಕ್ಕಾಲು ಭಾಗವನ್ನು ಸಾಮಾನ್ಯವಾಗಿ ಒಂದೇ ತಗಡು ಮುಚ್ಚಿರುತ್ತದೆ. ಇದಕ್ಕೆ ಮುಕ್ಕಾಲು ಪ್ಲೇಟ್ ಎನ್ನುತ್ತಾರೆ. 1864ರಿಂದ ಇದು ಈ ಊರಿನ ಗುರುತು. ಅತ್ತಿತ್ತ ತೂಗುವ ಬ್ಯಾಲೆನ್ಸ್ ವೀಲ್ ಮಾತ್ರ ಹೊರಗೆ ಕಾಣುತ್ತದೆ. ಚಕ್ರಗಳಿಗೆ ಇದರಿಂದ ಗಟ್ಟಿ ಆಸರೆ ಸಿಗುತ್ತದೆ, ಆದರೆ ಜೋಡಿಸುವವನ ಪಾಡು ಕೇಳಬೇಡಿ. ಕೂದಲೆಳೆಯಂಥ ಅಚ್ಚುಗಳೆಲ್ಲ ಒಟ್ಟಿಗೇ ತಂತಮ್ಮ ತೂತಿಗೆ ಕೂರಬೇಕು. ಲಾಂಗೆಯಲ್ಲಿ ಇಡೀ ಯಂತ್ರವನ್ನು ಒಮ್ಮೆ ಜೋಡಿಸಿ, ಹೊಂದಿಸಿ, ಬಿಚ್ಚಿ, ಪಾಲಿಶ್ ಮಾಡಿ, ಮತ್ತೆ ಜೋಡಿಸುತ್ತಾರೆ.

ಲಾಂಗೆಯ ಆ ಪ್ಲೇಟ್ ‘ಜರ್ಮನ್ ಸಿಲ್ವರ್’. ಅದರಲ್ಲಿ ಬೆಳ್ಳಿಯೇ ಇಲ್ಲ. ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಮೇಲೆ ಲೇಪನವಿಲ್ಲದ್ದರಿಂದ ವರ್ಷ ಕಳೆದಂತೆ ಬೆಚ್ಚನೆಯ ಹಳದಿ ಛಾಯೆ ಬರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆರಳ ಗುರುತು ಅಲ್ಲೇ ಕೂರುತ್ತದೆ. ಅಚ್ಚುಗಳು ಕೂರುವ ಕೆಂಪು ಕಲ್ಲುಗಳ ಸುತ್ತ ಚಿನ್ನದ ಬಳೆ, ಅದನ್ನು ಹಿಡಿದ ನೀಲಿ ಸ್ಕ್ರೂ, ಬ್ಯಾಲೆನ್ಸ್ ಮೇಲಿನ ಸೇತುವೆಯಂಥ ಪಟ್ಟಿಯಲ್ಲಿ ಕೈಯಿಂದ ಕೆತ್ತಿದ ಹೂಬಳ್ಳಿ ಕಾಣುತ್ತವೆ. ಇಬ್ಬರು ಕೆತ್ತಿದ್ದು ಒಂದೇ ಥರ ಇರುವುದಿಲ್ಲ.

ಕೊನೆಗೆ ಸ್ಕ್ರೂ ತಲೆಗಳನ್ನು ನೋಡಿ. ನನ್ನ ಮಟ್ಟಿಗೆ ಇದೇ ಮುಖ್ಯ. ಸ್ಕ್ರೂಡ್ರೈವರ್ ಕೂರುವ ಗೀರಿನ ಅಂಚು ಚೂಪಾಗಿದ್ದರೆ ಒಳ್ಳೆಯ ಕೈ ತಾಗಿದೆ. ಅಂಚು ಮುರಿದಿದ್ದರೆ, ಸುತ್ತ ತರಚಿದ್ದರೆ ಯಾರೋ ಒರಟಾಗಿ ಬಿಚ್ಚಿದ್ದಾರೆ.

ಜಿನ್, ಲಾಕೊ, ಸ್ಟೋವಾ ವಾಚುಗಳ ಒಳಗೆ ಬಹುಪಾಲು ಸ್ವಿಸ್ ಯಂತ್ರವೇ ಇರುತ್ತದೆ. ಇದು ದೋಷವೇನಲ್ಲ. ಅನುಭವವಿರುವ ಯಾವ ರಿಪೇರಿಯವರಾದರೂ ಅದನ್ನು ಸರಿಮಾಡಬಲ್ಲರು. ಜಿನ್‌ನಲ್ಲಿ ನೀವು ದುಡ್ಡು ಕೊಡುವುದು ಕೇಸಿಗೆ, ಅಂದರೆ ಹೊರಕವಚಕ್ಕೆ: ಕೆಲವು ಮಾದರಿಗಳಲ್ಲಿ ಗೀರು ಬೀಳದಂತೆ ಗಡಸು ಮಾಡಿದ ಉಕ್ಕು, ಒಳಗೆ ತೇವ ಹೀರುವ ಏರ್ಪಾಡು.

4. ಹಳೆಯದಾದರೆ ಅನುಮಾನದಿಂದಲೇ ಶುರುಮಾಡಿ

‘ನೂರು ವರ್ಷದ ಲಾಂಗೆ, ಅಪರೂಪದ ಕೈವಾಚು’ ಎಂದು ಯಾರಾದರೂ ತೋರಿಸಿದರೆ ನಿಂತು ಯೋಚಿಸಿ. ಹಳೆಯ ಜೇಬುಗಡಿಯಾರದ ಯಂತ್ರವನ್ನು ಹೊಸ ಕೇಸಿಗೆ ಹಾಕಿ, ಹೊಸ ಡಯಲ್ ಕೂರಿಸಿ ಮಾರುವ ದಂಧೆ ದೊಡ್ಡದು. ಯಂತ್ರ ಅಸಲಿ, ವಾಚು ಮಾತ್ರ ನಿನ್ನೆ ಮೊನ್ನೆಯದು. ಅಗಲ 45 ಮಿಲಿಮೀಟರ್ ದಾಟಿ, ಹಿಂದೆ ಗಾಜು, ಡಯಲ್ ಲಕಲಕ ಅಂದರೆ ಅದು ಬಹುಶಃ ಅದೇ. ಹಳೆಯ ಮಿಲಿಟರಿ ವಾಚುಗಳ ಮುಳ್ಳಿನಲ್ಲಿ ಹೊಳೆಯುವ ಬಣ್ಣ ವಿಕಿರಣ ಸೂಸುವ ರೇಡಿಯಂ ಆಗಿರಬಹುದು. ಮನೆಯಲ್ಲಿ ಅಂಥದ್ದನ್ನು ಬಿಚ್ಚಬೇಡಿ.

5. ನಾಡಿ ನೋಡಿ

ವಾಚಿನ ಟಿಕ್‌ಟಿಕ್ ಕೇಳಿ ಅಳೆಯುವ ಮೊಬೈಲ್ ಆ್ಯಪ್‌ಗಳಿವೆ. ಸದ್ದಿಲ್ಲದ ಕೋಣೆಯಲ್ಲಿ, ಪೂರ್ತಿ ಕೀ ಕೊಟ್ಟು, ಡಯಲ್ ಮೇಲ್ಮುಖವಾಗಿಟ್ಟು ನೋಡಿ. ಬ್ಯಾಲೆನ್ಸ್ ಸುಮಾರು 270ರಿಂದ 310 ಡಿಗ್ರಿ ತೂಗುತ್ತಿದ್ದರೆ ಆರೋಗ್ಯ ಚೆನ್ನಾಗಿದೆ. 200ರ ಆಸುಪಾಸಿಗೆ ಇಳಿದಿದ್ದರೆ ಎಣ್ಣೆ ಒಣಗಿರಬಹುದು; ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಫೋನಿನ ಮೈಕ್ ಅಷ್ಟು ನಿಖರವಲ್ಲ, ಅಂದಾಜಿಗೆ ಸಾಕು.

6. ಕೊಳ್ಳುವುದು, ತರುವುದು

ಜರ್ಮನಿಗೆ ಹೋದಾಗ ಅಂಗಡಿಯಲ್ಲಿ ಹೊಸದು ಕೊಂಡರೆ, ಬೆಲೆಯೊಳಗಿನ ಶೇ 19ರ ತೆರಿಗೆಯಲ್ಲಿ ಒಂದಷ್ಟು ಪ್ರವಾಸಿಗರಿಗೆ ವಾಪಸ್ ಸಿಗುತ್ತದೆ. ಅಂಗಡಿಯವರಿಂದ ಫಾರಂ ಪಡೆದು, ಹೊರಡುವಾಗ ಕಸ್ಟಮ್ಸ್‌ನವರ ಮುದ್ರೆ ಹಾಕಿಸಬೇಕು. ಸೆಕೆಂಡ್ ಹ್ಯಾಂಡ್ ವಾಚಿಗೆ ಸಾಮಾನ್ಯವಾಗಿ ಈ ಸೌಲಭ್ಯವಿಲ್ಲ. ಊರಿಗೆ ಬಂದಿಳಿದಾಗ ಮಿತಿ ಮೀರಿದ ಬೆಲೆಗೆ ಸುಂಕ ಕಟ್ಟಬೇಕಾಗುತ್ತದೆ. ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

7. ಕಟ್ಟಿಕೊಳ್ಳಿ

ಮನೆಯಲ್ಲಿ ಅಪ್ಪನ ಹಳೆಯ ಎಚ್‌ಎಂಟಿ ಜನತಾ ಇದ್ದರೆ ಕೀ ಕೊಡುವುದನ್ನು ಅದರಲ್ಲೇ ಕಲಿಯಿರಿ. ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಟು, ಬಿಗಿ ಎನಿಸಿದಾಗ ನಿಲ್ಲಿಸಿ. ರಾತ್ರಿ ಒಂಬತ್ತರಿಂದ ಬೆಳಗಿನ ಮೂರರವರೆಗಿನ ಹೊತ್ತನ್ನು ತೋರಿಸುತ್ತಿರುವಾಗ ತಾರೀಕು ಬದಲಿಸಬೇಡಿ; ಆಗ ಅದರ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಸ್ಪೀಕರ್, ಬ್ಯಾಗಿನ ಅಯಸ್ಕಾಂತದ ಗುಂಡಿಗಳಿಂದ ದೂರ ಇಡಿ. ವಾಚು ಇದ್ದಕ್ಕಿದ್ದಂತೆ ಸಮಯಕ್ಕಿಂತ ಮುಂದೆ ಓಡತೊಡಗಿದರೆ ಮೊದಲ ಗುಮಾನಿ ಅಯಸ್ಕಾಂತದ ಮೇಲೆ.

ಐದಾರು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ಕೊಡುವಾಗ ಎರಡು ಮಾತು ಬರೆದೇ ಕೊಡಿ: ಕೇಸ್ ಪಾಲಿಶ್ ಬೇಡ, ಬದಲಿಸಿದ ಹಳೆಯ ಭಾಗಗಳು ವಾಪಸ್ ಬೇಕು. ಹಳೆಯ ಸ್ಪೆಟ್ಸಿಮಾಟಿಕ್‌ನ ಮುಳ್ಳಾಗಲಿ ತಿರುಪಾಗಲಿ ಕಂಪನಿಯಿಂದ ಹೊಸದಾಗಿ ಬರುವುದಿಲ್ಲ. ಕೆಟ್ಟುಹೋದ ಇನ್ನೊಂದು ವಾಚು ಅಗ್ಗಕ್ಕೆ ಸಿಕ್ಕರೆ ಅದನ್ನೂ ಕೊಂಡು ಬಿಡಿಭಾಗಕ್ಕೆಂದು ಎತ್ತಿಡಿ.